ಒಂದೇ ಅಂಗಡಿ, ಒಂದೇ ಸೀಸ, ಎರಡು ಮೈ

ಮನೆಯ ಯುಪಿಎಸ್ ಬ್ಯಾಟರಿ ಕೈಕೊಟ್ಟಿತ್ತು. ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಒಂದ್ಸಲ ತೋರಿಸೋಣ ಅಂತ ದಾವಣಗೆರೆಯ ಪಿ.ಬಿ. ರೋಡಿನ ಪಕ್ಕದ ಓಣಿಯಲ್ಲಿರುವ ಹಳೇ ಬ್ಯಾಟರಿ ಅಂಗಡಿಗೆ ಹೋದೆ. ಅಂಗಡಿ ಅಂದ್ರೆ ಹತ್ತಡಿ ಅಗಲದ ಒಂದು ಮಳಿಗೆ, ಮುಂದೆ ತಗಡಿನ ಚಪ್ಪರ. ನಡೆಸುವವರು ಅಣ್ಣ-ತಮ್ಮ.

ಚಪ್ಪರದ ಕೆಳಗೆ ತಮ್ಮ ಲಾರಿ ಬ್ಯಾಟರಿಯೊಂದರ ಮುಚ್ಚಳ ಬಿಚ್ಚಿ, ಒಳಗಿನ ಪ್ಲೇಟುಗಳನ್ನು ಇಕ್ಕಳದಲ್ಲಿ ಎಳೆದು ಗೋಣಿಚೀಲದ ಮೇಲೆ ಹಾಕುತ್ತಿದ್ದ. ಪ್ಲೇಟು ಬಿದ್ದಾಗಲೆಲ್ಲ ಬೂದು ಬಣ್ಣದ ಪುಡಿ ಏಳುತ್ತಿತ್ತು. ಅಣ್ಣ ಗ್ಯಾಸ್ ಒಲೆಯ ಮೇಲೆ ಕಬ್ಬಿಣದ ಬಾಣಲೆ ಇಟ್ಟು ಸೀಸ ಕರಗಿಸುತ್ತಿದ್ದರು, ಟರ್ಮಿನಲ್ ಎರಕ ಹೊಯ್ಯಲಿಕ್ಕೆ. ತುಟಿಯಲ್ಲಿ ಬೀಡಿ. ನಾಲ್ಕು ಗಂಟೆಗೆ ಮಂಡಕ್ಕಿ-ಮಿರ್ಚಿ ಬಂತು. ಪೇಪರ್ ಹಾಸಿ ಇಬ್ಬರೂ ಕೂತರು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು, ಅಷ್ಟೆ. ಪೇಪರಿನ ಅಂಚಿನಲ್ಲಿ ಐದು ಬೆರಳಿನ ಬೂದು ಗುರುತು ಚೆನ್ನಾಗಿ ಕಾಣುತ್ತಿತ್ತು.

ಮಾತಿಗೆ ಮಾತು ಬಂದು ತಮ್ಮ ತನ್ನ ಕಥೆ ಹೇಳಿದ. ಒಂದು ವರ್ಷದಿಂದ ಹೊಟ್ಟೆ ಹಿಂಡಿದಂಥ ನೋವು, ಮಲಬದ್ಧತೆ, ಸುಸ್ತು. ಎಲ್ಲರೂ ಗ್ಯಾಸ್ಟ್ರಿಕ್ ಅಂದರು. ಗುಳಿಗೆ ನುಂಗಿ ನುಂಗಿ ಸಾಕಾಯಿತು. ಕೊನೆಗೆ ಒಬ್ಬ ಡಾಕ್ಟ್ರು ‘ಏನಪ್ಪಾ ಕೆಲಸ ಮಾಡ್ತೀಯ?’ ಅಂತ ಕೇಳಿದರಂತೆ. ಆ ಒಂದು ಪ್ರಶ್ನೆ ಕೇಳುವವರು ಸಿಗಲು ವರ್ಷ ಬೇಕಾಯಿತು ನೋಡಿ. ರಕ್ತ ಬೆಂಗಳೂರಿಗೆ ಹೋಯಿತು, ಸೀಸ ಜಾಸ್ತಿ ಇದೆ ಅಂತ ಬಂತು. ಹಾಗಾದರೆ ಅಣ್ಣಂದೂ ನೋಡಿಬಿಡೋಣ ಅಂತ ಅವರದೂ ಕಳಿಸಿದರು. ಅಣ್ಣನಿಗೆ ಹೊಟ್ಟೆನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ. ಆದರೆ ಅವರ ರಕ್ತದಲ್ಲಿ ಸೀಸ ತಮ್ಮನಿಗಿಂತ ಜಾಸ್ತಿ!

“ನಮ್ಮಣ್ಣಂದು ಗಟ್ಟಿ ಮೈ ರೀ, ತಡ್ಕೊಂತೈತಿ. ನಂದು ನಂಜಿನ ಮೈ” ಅಂದ ತಮ್ಮ.

ನಂಜಿನ ಮೈ. ಸಣ್ಣ ಗಾಯವಾದರೂ ಕೀವು ಕಟ್ಟುವವರಿಗೆ, ಬದನೆಕಾಯಿ ತಿಂದರೆ ಕೆರೆತ ಬರುವವರಿಗೆ ನಮ್ಮ ಕಡೆ ಹೇಳುವ ಮಾತು. ಒಂದೇ ವಿಷ ಎಲ್ಲರಿಗೂ ಒಂದೇ ಥರ ತಟ್ಟೋದಿಲ್ಲ ಅನ್ನೋದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಯಾಕೆ ತಟ್ಟೋದಿಲ್ಲ ಅನ್ನೋದಕ್ಕೆ ಸೀಸದ ವಿಷಯದಲ್ಲಿ ಒಂದಿಷ್ಟು ಉತ್ತರ ಸಿಕ್ಕಿದೆ. ಉತ್ತರದ ಒಂದು ಭಾಗ ನಮ್ಮ ಜೀನ್‌ಗಳಲ್ಲಿದೆ.

ಸೀಸ ಒಳಗೆ ಹೋಗಿ ಮಾಡೋದೇನು?

ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಕರಗುತ್ತದೆ. ಅದಕ್ಕೇ ಗ್ಯಾಸ್ ಒಲೆ ಸಾಕು. ಬಿಸಿ ಇನ್ನೂ ಏರಿದರೆ ಕಣ್ಣಿಗೆ ಕಾಣದ ಹೊಗೆ ಏಳುತ್ತದೆ. ಹೊಗೆ ಮತ್ತು ಪುಡಿ ಮೂಗಿನಿಂದ ಹೋಗುತ್ತವೆ. ಕೈಗೆ ಅಂಟಿದ್ದು ಬೀಡಿ, ಎಲೆ-ಅಡಿಕೆ, ಮಂಡಕ್ಕಿ ಜೊತೆ ಬಾಯಿಗೆ ಹೋಗುತ್ತದೆ. ಬ್ಯಾಟರಿಯವರಿಗೆ ಮಾತ್ರ ಅಂತಲ್ಲ. ರೇಡಿಯೇಟರ್ ಬೆಸುಗೆ ಹಾಕುವವರು, ಹಳೇ ಬಣ್ಣ ಕೆರೆಯುವವರು, ಹಿಂದೆ ಅಚ್ಚಿನಮನೆಗಳಲ್ಲಿ ಮೊಳೆ ಜೋಡಿಸುತ್ತಿದ್ದವರು, ಎಲ್ಲರದೂ ಸೀಸದ ಸಹವಾಸವೇ. ಚಿತ್ರದುರ್ಗದಿಂದ ಹರಿಹರದವರೆಗೆ ಹೆದ್ದಾರಿ ಪಕ್ಕ ಲಾರಿಗಳು ಇರುವ ತನಕ ಬ್ಯಾಟರಿ ಅಂಗಡಿಗಳೂ ಇರುತ್ತವೆ.

ಒಳಗೆ ಹೋದ ಸೀಸ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿರುವ ಸೀಸದ ಹೆಚ್ಚುಕಡಿಮೆ ಎಲ್ಲವೂ ಕೆಂಪು ಕಣಗಳೊಳಗೆ ಇರುತ್ತದೆ. ಅಲ್ಲಿಂದ ನಿಧಾನಕ್ಕೆ ಮೂಳೆಗೆ ಸರಿಯುತ್ತದೆ. ದೊಡ್ಡವರ ಮೈಯಲ್ಲಿರುವ ಸೀಸದಲ್ಲಿ ಶೇಕಡಾ 90ಕ್ಕೂ ಹೆಚ್ಚು ಮೂಳೆಯಲ್ಲೇ ಇರುತ್ತದೆ. ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಸಾಕು, ಮೂಳೆಯದ್ದು ಇಳಿಯಲು ಹತ್ತಾರು ವರ್ಷ ಬೇಕು. ಅಂದ್ರೆ ರಕ್ತ ಪರೀಕ್ಷೆ ಹೇಳೋದು ಇತ್ತೀಚಿನ ಸುದ್ದಿಯನ್ನ. ಹಳೇ ಬಾಕಿಯೆಲ್ಲ ಮೂಳೆಯ ಲೆಕ್ಕದಲ್ಲಿ ಇರುತ್ತದೆ.

ಕೆಂಪು ಕಣದೊಳಗೆ ಸೀಸ ಯಾರ ಮನೆಗೆ ನುಗ್ಗುತ್ತದೆ ಅನ್ನೋದೇ ನಮ್ಮ ಕಥೆಯ ನಡುಮನೆ. ಅಲ್ಲಿ ಆಲಾಡ್ ಅನ್ನೋ ಒಂದು ಕಿಣ್ವ ಇದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಅನ್ನೋ ವಸ್ತು ಎಂಟು ಹಂತಗಳಲ್ಲಿ ತಯಾರಾಗುತ್ತದೆ. ಎರಡನೇ ಹಂತದ ಕೆಲಸಗಾರ ಈ ಆಲಾಡ್. ಆಲಾ ಅನ್ನೋ ಸಣ್ಣ ಅಣುಗಳನ್ನು ಎರಡೆರಡಾಗಿ ಜೋಡಿಸಿ ಮುಂದಕ್ಕೆ ಕಳಿಸೋದು ಅದರ ಕೆಲಸ. ಎಂಟು ತುಂಡು ಸೇರಿ ಆಗಿರುವ ಚಕ್ರದಂಥ ಈ ಕಿಣ್ವ ನಡೆಯಬೇಕಾದರೆ ಅದರೊಳಗೆ ಸತುವು ಕೂತಿರಬೇಕು. ಸತುವಿಗೆ ಅಂತಲೇ ಜಾಗ ಇದೆ.

ಬಸ್ಸಿನ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿಯೋದು ನಮಗೆಲ್ಲ ಗೊತ್ತಲ್ವಾ? ಕರ್ಚೀಫ್ ಸತುವಿನದು. ಆದರೆ ಸೀಸ ಬಂದು ಕರ್ಚೀಫ್ ಪಕ್ಕಕ್ಕೆ ತಳ್ಳಿ ಕೂತುಬಿಡುತ್ತದೆ. ಕೂತದ್ದು ಸುಲಭಕ್ಕೆ ಏಳೋದೂ ಇಲ್ಲ, ಕೆಲಸ ಮಾಡೋದೂ ಇಲ್ಲ. ಕಿಣ್ವ ನಿಲ್ಲುತ್ತದೆ. ಆಲಾ ಮುಂದೆ ಹೋಗಲಾರದೆ ರಾಶಿ ಬೀಳುತ್ತದೆ, ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಹೀಗೆ ರಾಶಿ ಬಿದ್ದ ಆಲಾ ನರಗಳನ್ನು ಕೆಣಕುವುದೇ ಸೀಸದ ಹೊಟ್ಟೆನೋವಿಗೆ ಒಂದು ಕಾರಣ ಅಂತ ಹೇಳುತ್ತಾರೆ. ಇದಕ್ಕೊಂದು ವಿಚಿತ್ರ ಸಾಕ್ಷಿ ಇದೆ. ಹುಟ್ಟಿನಿಂದಲೇ ಆಲಾಡ್ ಇಲ್ಲದಂತಾಗಿರುವ ಒಂದು ಕಾಯಿಲೆ ಉಂಟು, ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಜನರಲ್ಲಿ ಮಾತ್ರ ಕಂಡಿದ್ದು. ಅವರಿಗೆ ಸೀಸದ ಗಾಳಿಯೂ ಸೋಕಿರಬೇಕಿಲ್ಲ. ಆದರೂ ಸೀಸದ ನಂಜಿನಂಥದ್ದೇ ಹೊಟ್ಟೆನೋವು, ಕೈಕಾಲಿನ ನರಗಳ ಸೋಲು.

ಒಂದಕ್ಷರದ ವ್ಯತ್ಯಾಸ

ಆಲಾಡ್ ಕಿಣ್ವ ಹೇಗಿರಬೇಕು ಅನ್ನೋ ಬರಹ ನಮ್ಮ 9ನೇ ಕ್ರೋಮೋಸೋಮಿನಲ್ಲಿದೆ. ಅಪ್ಪನ ಕಡೆಯಿಂದ ಒಂದು ಪ್ರತಿ, ಅಮ್ಮನ ಕಡೆಯಿಂದ ಒಂದು ಪ್ರತಿ. ಆ ಬರಹ ಎರಡು ಪಾಠಗಳಲ್ಲಿ ಸಿಗುತ್ತದೆ. ಒಂದನ್ನು ಆಲಾಡ್-1, ಇನ್ನೊಂದನ್ನು ಆಲಾಡ್-2 ಅಂತಾರೆ. ವ್ಯತ್ಯಾಸ ಒಂದೇ ಅಕ್ಷರದ್ದು. ಕಿಣ್ವದ ಒಂದೊಂದು ತುಂಡೂ ಅಮೈನೋ ಆಮ್ಲ ಅನ್ನೋ 330 ಕೊಂಡಿಗಳ ಸರಪಳಿ. ಆ ಅಕ್ಷರದಿಂದ ಅದರ 59ನೇ ಕೊಂಡಿ ಬದಲಾಗುತ್ತದೆ. ಆಲಾಡ್-1ರಲ್ಲಿ ಅಲ್ಲಿ ಲೈಸೀನ್ ಇರುತ್ತದೆ, ಅದಕ್ಕೆ ಧನ ವಿದ್ಯುದಂಶ ಇದೆ. ಆಲಾಡ್-2ರಲ್ಲಿ ಆಸ್ಪರಜೀನ್ ಇರುತ್ತದೆ, ಅದಕ್ಕೆ ಯಾವ ವಿದ್ಯುದಂಶವೂ ಇಲ್ಲ. ಸೀಸ ಇಲ್ಲದ ಊರಿನಲ್ಲಿ ಇಬ್ಬರಿಗೂ ಏನೂ ವ್ಯತ್ಯಾಸ ಗೊತ್ತಾಗೋದಿಲ್ಲ. ಸೀಸ ಬಂದಾಗ ಮಾತ್ರ ಆಲಾಡ್-2 ಅದನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

1991ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿಷಯಕ್ಕೆ ಜೀವ ತುಂಬಿತು. ಜರ್ಮನಿಯ ಕಾರ್ಖಾನೆಯೊಂದರ 202 ಸೀಸದ ಕೆಲಸಗಾರರನ್ನು ಮತ್ತು ನ್ಯೂಯಾರ್ಕಿನ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿದರು. ಆಲಾಡ್-2 ಒಂದು ಪ್ರತಿಯಾದರೂ ಇದ್ದವರ ರಕ್ತದಲ್ಲಿ, ಅಷ್ಟೇ ಸೀಸ ಸೋಕಿದ ಬೇರೆಯವರಿಗಿಂತ ಡೆಸಿಲೀಟರ್‌ಗೆ 9ರಿಂದ 11 ಮೈಕ್ರೋಗ್ರಾಂ ಜಾಸ್ತಿ ಸೀಸ ಇತ್ತು. ಡೆಸಿಲೀಟರ್ ಅಂದ್ರೆ ನೂರು ಮಿಲಿ, ಒಂದು ಸಣ್ಣ ಲೋಟ. ಮೈಕ್ರೋಗ್ರಾಂ ಅಂದ್ರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಕೇಳೋಕೆ ಧೂಳಿನ ಕಣದಷ್ಟು ಅನ್ನಿಸುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ 5 ಮೈಕ್ರೋಗ್ರಾಂ ಮುಟ್ಟಿದರೇ ಸೀಸ ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಲಿಸಿ ಅಂತ ಹೇಳಿದೆ. ಮುಂದೆ ಬಂದ ಅಧ್ಯಯನಗಳಲ್ಲಿ ವ್ಯತ್ಯಾಸ ಇಷ್ಟು ದೊಡ್ಡದಾಗಿ ಕಾಣಲಿಲ್ಲ. ಸೀಸ ಕಡಿಮೆ ಸೋಕುವ ಕಡೆ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಯೇ ಹೋಗುತ್ತದೆ. ಸೀಸ ಜಾಸ್ತಿ ಇರುವ ಕೆಲಸದ ಜಾಗದಲ್ಲೇ ಈ ಜೀನ್ ತನ್ನ ಗುಣ ತೋರಿಸೋದು.

ಹಾಗಾದರೆ ಆಲಾಡ್-2 ಇದ್ದವರದೇ ನಂಜಿನ ಮೈ, ಅಲ್ವಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಇಲ್ಲೊಂದು ತಿರುವು ಇದೆ, ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾದದ್ದೂ ಇದೇ.

ಆಲಾಡ್-2 ಇದ್ದವರ ರಕ್ತದಲ್ಲಿ ಸೀಸ ಜಾಸ್ತಿ ಇದ್ದರೂ, ಆಲಾ ರಾಶಿ ಬೀಳೋದು ಕಡಿಮೆ ಅಂತ ಹಲವು ಅಧ್ಯಯನಗಳು ಕಂಡಿವೆ. ಠಾಣೆಯ ಲಾಕಪ್ಪಿನಲ್ಲಿ ಕಳ್ಳರ ತಲೆ ಎಣಿಸಿದ ಹಾಗೆ ಇದು. ಒಂದೂರಿನ ಲಾಕಪ್ ತುಂಬಿದೆ, ಇನ್ನೊಂದೂರಿನದು ಖಾಲಿ. ಹಾಗಂತ ಮೊದಲನೇ ಊರಿನ ಬೀದಿಯಲ್ಲೇ ಕಳ್ಳರು ಜಾಸ್ತಿ ಅನ್ನೋಕಾಗತ್ತಾ? ಅಲ್ಲಿ ಪೊಲೀಸರು ಹಿಡಿದು ಕೂರಿಸಿದ್ದಾರೆ, ಅದಕ್ಕೇ ಲೆಕ್ಕ ಜಾಸ್ತಿ. ಆಲಾಡ್-2 ಸೀಸವನ್ನು ಕೆಂಪು ಕಣದೊಳಗೇ ಬಿಗಿಯಾಗಿ ಹಿಡಿದಿಟ್ಟರೆ ಅದು ಮಿದುಳಿಗೆ, ಮೂಳೆಗೆ ಹೋಗೋದು ಕಡಿಮೆ ಆಗಬಹುದು. ಆಗಬಹುದು ಅನ್ನೋದಕ್ಕೆ ಒತ್ತು ಕೊಡಿ. ಮೂತ್ರಪಿಂಡದ ವಿಷಯದಲ್ಲಿ ಅಧ್ಯಯನಗಳು ಒಂದೇ ಮಾತು ಹೇಳಿಲ್ಲ. ಹಿಡಿದಿಟ್ಟ ಸೀಸ ಹೆಚ್ಚು ಕಾಲ ಮೈಯಲ್ಲೇ ಸುತ್ತುತ್ತಿರುತ್ತದೆ ಅನ್ನೋದನ್ನೂ ಮರೆಯುವಂತಿಲ್ಲ.

ಈಗ ಅಣ್ಣ-ತಮ್ಮಂದಿರನ್ನು ನೆನಪಿಸಿಕೊಳ್ಳಿ. ಅಣ್ಣನ ರಕ್ತದಲ್ಲಿ ಸೀಸ ಜಾಸ್ತಿ, ನೋವಿಲ್ಲ. ತಮ್ಮನಿಗೆ ಸೀಸ ಕಡಿಮೆ, ನೋವು ಜಾಸ್ತಿ. ಆಲಾಡ್ ಕಥೆಗೆ ಅಳತೆ ತಗೊಂಡು ಹೊಲಿದ ಹಾಗಿದೆ! ಒಂದೇ ತಾಯಿಯ ಮಕ್ಕಳಾದರೂ ಜೀನ್ ಬೇರೆ ಬರಬಹುದು. ತಾಯಿಯ ಎರಡು ಪ್ರತಿಯಲ್ಲಿ ಒಂದು ಮಾತ್ರ ಆಲಾಡ್-2 ಆಗಿದ್ದರೆ ಯಾವ ಮಗನಿಗೆ ಯಾವುದು ಬರುತ್ತದೆ ಅನ್ನೋದು ನಾಣ್ಯ ಚಿಮ್ಮಿದ ಹಾಗೆ. ಆದರೆ ಅವರಿಬ್ಬರ ಜೀನ್ ಯಾರೂ ನೋಡಿಲ್ಲ. ಅಣ್ಣ ಬಾಣಲೆ ಮುಂದೆ ಕೂರುತ್ತಾರೆ, ಬೀಡಿ ಸೇದುತ್ತಾರೆ. ಅವರ ಸೀಸ ಜಾಸ್ತಿ ಇರಲು ಅಷ್ಟೇ ಕಾರಣ ಸಾಕು. ಕಥೆ ಚೆಂದ ಹೊಂದಿಕೊಂಡಿತು ಅಂತ ಅದೇ ನಿಜ ಅಂದುಕೊಳ್ಳಬಾರದು.

ಇನ್ನೊಂದು ಮಾತು. ಆಲಾಡ್-2 ಎಲ್ಲ ಕಡೆ ಸಮನಾಗಿ ಹಂಚಿಕೊಂಡಿಲ್ಲ. ಯುರೋಪ್ ಮೂಲದವರಲ್ಲಿ ಐವರಲ್ಲಿ ಒಬ್ಬರಿಗೆ ಒಂದು ಪ್ರತಿಯಾದರೂ ಇರುತ್ತದೆ. ಕೊರಿಯಾದ ಸುಮಾರು 800 ಸೀಸದ ಕೆಲಸಗಾರರನ್ನು ನೋಡಿದಾಗ ಹತ್ತರಲ್ಲಿ ಒಬ್ಬರಿಗೆ ಇತ್ತು. ಆಫ್ರಿಕಾ ಮೂಲದವರಲ್ಲಿ ತೀರಾ ವಿರಳ.

ವೇಷ ಹಾಕಿಕೊಂಡು ಬರುವ ಸೀಸ

ಸೀಸಕ್ಕೆ ಅಂತ ನಮ್ಮ ಮೈಯಲ್ಲಿ ಬಾಗಿಲಿಲ್ಲ. ಅದು ಬೇರೆಯವರ ವೇಷದಲ್ಲಿ ಬರುತ್ತದೆ. ಕರುಳಿನಲ್ಲಿ ಕಬ್ಬಿಣವನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲಿನಿಂದ ನುಸುಳುತ್ತದೆ. ಮೂಳೆಯಲ್ಲಿ ಸುಣ್ಣದ ಜಾಗದಲ್ಲಿ, ಅಂದ್ರೆ ಕ್ಯಾಲ್ಸಿಯಂ ಜಾಗದಲ್ಲಿ ಕೂರುತ್ತದೆ. ಆದ್ದರಿಂದ ಕಬ್ಬಿಣ ಮತ್ತು ಕ್ಯಾಲ್ಸಿಯಂ ನೋಡಿಕೊಳ್ಳುವ ಜೀನ್‌ಗಳಿಗೂ ಸೀಸಕ್ಕೂ ನಂಟಿದೆ. ವಿಟಮಿನ್ ಡಿಯ ಸಂದೇಶ ಹಿಡಿಯುವ ಪ್ರೋಟೀನಿನ ಜೀನ್ ಒಂದು. ಅದೇ ಕೊರಿಯಾದ ಕೆಲಸಗಾರರಲ್ಲಿ ಆ ಜೀನಿನ ಒಂದು ರೂಪ ಇದ್ದವರ ರಕ್ತದಲ್ಲೂ ಮೊಣಕಾಲ ಕೆಳಗಿನ ಮೂಳೆಯಲ್ಲೂ ಸೀಸ ಸ್ವಲ್ಪ ಜಾಸ್ತಿ ಕಂಡಿತು. ಕಬ್ಬಿಣದ ಲೆಕ್ಕ ಇಡುವ ಎಚ್‌ಎಫ್‌ಇ ಅನ್ನೋ ಜೀನ್ ಇನ್ನೊಂದು. ಯುರೋಪಿನಲ್ಲಿ ಅದರ ಒಂದು ರೂಪದಿಂದ ಮೈಯಲ್ಲಿ ಕಬ್ಬಿಣ ಮಿತಿಮೀರಿ ತುಂಬುವ ಕಾಯಿಲೆ ಬರುತ್ತದೆ. ಆ ರೂಪ ನಮ್ಮಲ್ಲಿ ಬಹಳ ವಿರಳ, ಆದ್ದರಿಂದ ಅದರ ಚಿಂತೆ ಬಿಡಿ.

ನಮ್ಮ ಚಿಂತೆ ಅದರ ಉಲ್ಟಾ. ಕಬ್ಬಿಣ ಕಡಿಮೆ ಇದ್ದಾಗ ಕರುಳು ಆ ಬಾಗಿಲುಗಳನ್ನು ಹಾರುಹೊಡೆದು ತೆರೆದಿಡುತ್ತದೆ, ಸಿಕ್ಕಿದ್ದೆಲ್ಲ ಬರಲಿ ಅಂತ. ಆಗ ಸೀಸಕ್ಕೆ ಹಬ್ಬ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಜನರಿಗೆ ರಕ್ತಹೀನತೆ ಇದೆ, ಗಂಡಸರಲ್ಲಿ ಶೇಕಡಾ 25. ಹೊಟ್ಟೆ ಖಾಲಿ ಇದ್ದರೂ ಸೀಸ ಜಾಸ್ತಿ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಬರೀ ಟೀ ಕುಡಿದು ಅಂಗಡಿ ಬಾಗಿಲು ತೆಗೆಯುವವರು ಎಷ್ಟು ಜನ ಇಲ್ಲ? ಯುರೋಪಿನ ಐವರಲ್ಲಿ ಒಬ್ಬರ ಆಲಾಡ್-2 ಕಥೆ ಓದೋಕೆ ರೋಚಕ. ಆದರೆ ನಮ್ಮ ಓಣಿಯ ನಂಜಿನ ಮೈಗೆ ಜೀನ್‌ಗಿಂತ ಊಟದ ಬುತ್ತಿ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ. ಮುದ್ದೆ, ಸೊಪ್ಪು, ಮಜ್ಜಿಗೆ ಹೊಟ್ಟೆಯಲ್ಲಿದ್ದರೆ ಸೀಸಕ್ಕೆ ಅಷ್ಟು ಸಲೀಸಾಗಿ ದಾರಿ ಸಿಗೋದಿಲ್ಲ. ಹಾಗಂತ ಮುದ್ದೆ ಉಂಡು ಬಾಣಲೆ ಮುಂದೆ ಕೂತರೆ ಏನೂ ಆಗಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ.

ಮಕ್ಕಳ ವಿಷಯವನ್ನೂ ಹೇಳಿಬಿಡುತ್ತೇನೆ. ದೊಡ್ಡವರು ನುಂಗಿದ ಸೀಸದಲ್ಲಿ ಹತ್ತರಲ್ಲೊಂದು ಪಾಲು ರಕ್ತಕ್ಕೆ ಸೇರಿದರೆ, ಚಿಕ್ಕ ಮಕ್ಕಳಲ್ಲಿ ಅರ್ಧದವರೆಗೂ ಸೇರಬಹುದು. ಅಪ್ಪ ಕೆಲಸದ ಅಂಗಿಯಲ್ಲೇ ಮನೆಗೆ ಬಂದು ಮಗುವನ್ನು ಎತ್ತಿಕೊಂಡರೆ ಆ ಬೂದು ಪುಡಿಯೂ ಜೊತೆಗೆ ಬರುತ್ತದೆ. ಇಲ್ಲಿ ಯಾವ ಜೀನಿನ ಮಾತೂ ಬೇಕಿಲ್ಲ.

ಜೀನ್ ನೋಡಿ ಕೆಲಸ ಕೊಡೋದು?

ಯಾರಿಗೆ ಸೀಸ ಬೇಗ ತಟ್ಟುತ್ತದೆ ಅಂತ ಜೀನ್ ಹೇಳುವುದಾದರೆ ಮೊದಲೇ ಪರೀಕ್ಷೆ ಮಾಡಿ, ಗಟ್ಟಿ ಮೈಯವರನ್ನೇ ಕೆಲಸಕ್ಕೆ ತಗೊಂಡರಾಯಿತಲ್ಲ? ಕೇಳೋಕೆ ಜಾಣತನದ ಮಾತು. ಇದು ಯಾಕೆ ನಡೆಯೋದಿಲ್ಲ ಅನ್ನೋದು ಲೆಕ್ಕದಿಂದಲೇ ಗೊತ್ತಾಗುತ್ತದೆ.

ಗಂಡಸರು ಸರಾಸರಿಯಲ್ಲಿ ಹೆಂಗಸರಿಗಿಂತ ಎತ್ತರ. ಆದರೆ ಗೋಡೆಯಾಚೆ ನಿಂತವರ ಎತ್ತರ ಐದೂವರೆ ಅಡಿ ಅಂತ ಹೇಳಿದರೆ ಗಂಡೋ ಹೆಣ್ಣೋ ಅಂತ ಹೇಳೋಕಾಗತ್ತಾ? ಆಲಾಡ್ ಲೆಕ್ಕವೂ ಸರಾಸರಿಯದ್ದು. ಆಲಾಡ್-1 ಇದ್ದು ಕೈ ತೊಳೆಯದವನ ರಕ್ತದಲ್ಲಿ, ಆಲಾಡ್-2 ಇದ್ದು ಎಚ್ಚರದಿಂದ ಕೆಲಸ ಮಾಡುವವನಿಗಿಂತ ಎಷ್ಟೋ ಜಾಸ್ತಿ ಸೀಸ ಇರಬಹುದು. ಇನ್ನು ಯಾವುದು ಗಟ್ಟಿ ಮೈ? ರಕ್ತದಲ್ಲಿ ಕಡಿಮೆ ತೋರಿಸುವುದೋ, ನೋವು ಕಡಿಮೆ ಕೊಡುವುದೋ? ಲಾಕಪ್ಪಿನ ಕಥೆ ಓದಿದ ಮೇಲೆ ಇದಕ್ಕೆ ಉತ್ತರ ಹೇಳೋದು ಸುಲಭ ಅಲ್ಲ.

‘ಮೈ ನೋಡಿ ಕೆಲಸ’ ಅನ್ನೋದು ಒಮ್ಮೆ ಕೋರ್ಟಿನ ಮೆಟ್ಟಿಲೂ ಹತ್ತಿದೆ. ಅಮೆರಿಕದ ಜಾನ್ಸನ್ ಕಂಟ್ರೋಲ್ಸ್ ಬ್ಯಾಟರಿ ಕಂಪನಿ 1982ರಲ್ಲಿ ಒಂದು ನಿಯಮ ತಂದಿತು. ಮಕ್ಕಳಾಗುವ ಸಾಧ್ಯತೆ ಇರುವ ಯಾವ ಹೆಂಗಸೂ ಸೀಸದ ಕೆಲಸ ಮಾಡುವಂತಿಲ್ಲ, ಬಸಿರಿನಲ್ಲಿರುವ ಕೂಸಿಗೆ ತೊಂದರೆ ಅಂತ. ಸೀಸ ಗಂಡಸರ ವೀರ್ಯಕ್ಕೂ ಕೆಡುಕು, ಅವರ ಮಾತೇ ಇರಲಿಲ್ಲ. ಕಾರ್ಮಿಕ ಸಂಘ ಕೋರ್ಟಿಗೆ ಹೋಯಿತು. 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ನಿಯಮ ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಅದು ಜೀನಿನ ಮೊಕದ್ದಮೆ ಅಲ್ಲ, ಆದರೆ ಪ್ರಶ್ನೆ ಇದೇ ಜಾತಿಯದ್ದು. 2008ರಲ್ಲಿ ಅದೇ ದೇಶ, ಜೀನ್ ನೋಡಿ ಕೆಲಸ ಕೊಡೋದು ಬಿಡೋದು ಮಾಡಬಾರದು ಅಂತ ಬೇರೆಯೇ ಕಾಯ್ದೆ ತಂದಿತು.

ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆ ಸರ್ಕಾರಕ್ಕೆ ತಿಳಿಸಲೇಬೇಕಾದ ಕೆಲಸದ ಕಾಯಿಲೆಗಳ ಪಟ್ಟಿ ಕೊಟ್ಟಿತ್ತು. ಅದರಲ್ಲಿ ಮೊದಲ ಹೆಸರೇ ಸೀಸದ ನಂಜು. ಅದೇ ಕಾಯ್ದೆ ಕೆಲಸದ ಜಾಗದ ಗಾಳಿಯಲ್ಲಿ ಒಂದು ಘನಮೀಟರಿಗೆ 0.15 ಮಿಲಿಗ್ರಾಂ ಸೀಸದವರೆಗೆ ಬಿಟ್ಟಿತ್ತು. ಅಮೆರಿಕದ 1978ರ ನಿಯಮದ ಮಿತಿ ಅದರ ಮೂರನೇ ಒಂದು ಭಾಗ. ಆದರೆ ಅಣ್ಣ-ತಮ್ಮ ಇಬ್ಬರೇ ಇರುವ ತಗಡಿನ ಚಪ್ಪರ ಯಾವ ಲೆಕ್ಕದಲ್ಲೂ ಕಾರ್ಖಾನೆ ಅಲ್ಲ. ಅಲ್ಲಿಗೆ ಯಾವ ಇನ್‌ಸ್ಪೆಕ್ಟರೂ ಗಾಳಿ ಅಳೆಯೋಕೆ ಬರೋದಿಲ್ಲ. ಅಲ್ಲಿ ಇರುವ ಅಳತೆ ಒಂದೇ, ಅವರದೇ ರಕ್ತ.

ಬ್ಯಾಟರಿ ತರಲು ಎರಡು ವಾರ ಬಿಟ್ಟು ಹೋದೆ. ಈ ಆಲಾಡ್ ಪುರಾಣವನ್ನೆಲ್ಲ ಅಷ್ಟರಲ್ಲಿ ಓದಿಕೊಂಡಿದ್ದೆ, ಸುಮ್ನೆ ಇರಲಾರದೆ ಅಣ್ಣನ ಮುಂದೆ ಬಿಚ್ಚಿದೆ. ಬಸ್ಸಿನ ಕರ್ಚೀಫ್ ಕೇಳಿ ನಕ್ಕರು. ಲಾಕಪ್ಪಿನದು ಕೇಳಿ ನಗಲಿಲ್ಲ.

“ಅಂದ್ರ ನನಗೆ ನೋವಿಲ್ಲ ಅಂತ ನಾನು ಪಾಸ್ ಅಲ್ಲ?”

ಅಲ್ಲ ಅಂದೆ. ನೋವಿಲ್ಲದೆಯೂ ಸೀಸ ಬಿ.ಪಿ. ಏರಿಸುತ್ತದೆ, ಮೂತ್ರಪಿಂಡ ಸವೆಸುತ್ತದೆ. ತಮ್ಮನ ಹೊಟ್ಟೆನೋವು ಒಂದು ಲೆಕ್ಕದಲ್ಲಿ ಬಾಗಿಲು ಬಡಿದು ಎಬ್ಬಿಸಿತು. ಇವರಿಗೆ ಯಾರೂ ಬಾಗಿಲು ಬಡಿದಿರಲಿಲ್ಲ.

“ಆ ಜೀನ್ ಟೆಸ್ಟಿಗೆ ಎಷ್ಟು ರೊಕ್ಕ ಆಕ್ಕೈತಿ?”

ಆ ರೊಕ್ಕದಲ್ಲಿ ಹೊಗೆ ಹೊರಗೆ ಎಳೆಯುವ ಒಂದು ಫ್ಯಾನ್ ಹಾಕಿಸಿ ಅಂದೆ. ಬಾಣಲೆಯನ್ನು ಚಪ್ಪರದಿಂದಾಚೆ ಗಾಳಿ ಬಿಡುವ ಕಡೆ ಇಡಿ, ಪ್ಲೇಟು ಒಣಗಿದ್ದಾಗ ಕುಟ್ಟಬೇಡಿ, ನೀರು ಚಿಮುಕಿಸಿ, ಕಸಬರಿಗೆ ಹಾಕಿ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ ಅಂತ ಡಾಕ್ಟ್ರು ಹೇಳಿದ್ದನ್ನೇ ನಾನೂ ಹೇಳಿದೆ. ತಮ್ಮ ಅಷ್ಟರಲ್ಲಿ ಚಪ್ಪರದ ಕಂಬಕ್ಕೆ ಹಗ್ಗ ಕಟ್ಟಿ ಒಂದು ಸೋಪಿನ ಡಬ್ಬಿ ನೇತುಹಾಕಿದ್ದ. ಕೆಳಗೆ ಬಕೆಟ್, ಚೊಂಬು. ಮನೆಗೆ ಹೋಗುವಾಗ ಹಾಕುವ ಅಂಗಿ ಒಳಗೆ ಮೊಳೆಗೆ ತೂಗುತ್ತಿತ್ತು.

ನಾಲ್ಕು ಗಂಟೆಗೆ ಮಂಡಕ್ಕಿ ಬಂತು. ತಮ್ಮ ಸೋಪು ಹಚ್ಚಿ ಮೊಣಕೈ ತನಕ ತೊಳೆದ. ಬಕೆಟಿಗೆ ಬಿದ್ದ ನೀರು ಗುಜರಿ ಅಂಗಡಿಯ ಮಳೆನೀರಿನ ಹಾಗೆ ಬೂದು ಬಣ್ಣ. ಅಣ್ಣ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು, ಅವನ ಹಿಂದೆ ಸರದಿಗೆ ನಿಂತರು. ಮೂರು ತಿಂಗಳಿಗೆ ಇಬ್ಬರೂ ಮತ್ತೆ ರಕ್ತ ಕೊಡಬೇಕು.